ಸುಂದರೇಶನ ಅಧ್ಯಾಯ

ಕೊಪ್ಪ
9 ಜೂನ್ 2025

ಶೃಂಗೇರಿಯ ಯಾತ್ರಿಕರ ಲಾಡ್ಜಿನ ಸಕಲ ಬೀಗದಕೈಗಳ ಒಡತಿ, ಬಿಸಿನೀರು ಬರುವ ವೇಳೆಯನ್ನು ಬಲ್ಲ ಏಕೈಕ ಜ್ಞಾನಿ ಕುಮಾರಿ ಮಲ್ಲಿಕಾ ಅವರ ಸನ್ನಿಧಾನಕ್ಕೆ,

ಕೊಪ್ಪದ ಈಶಾನನ ಸಾಷ್ಟಾಂಗ ನಮಸ್ಕಾರಗಳು. ಈ ಕಾಲದಲ್ಲಿ ಅಂಚೆಯಲ್ಲಿ ಕಾಗದ ಬರೆಯುವವನು ಒಂದೋ ಪ್ರೇಮಿ, ಇಲ್ಲ ವಕೀಲ ಎಂದು ನಮ್ಮ ಪೋಸ್ಟ್‌ಮ್ಯಾನ್ ವಾಸಪ್ಪ ಅಪ್ಪಣೆ ಕೊಡಿಸಿದ್ದಾನೆ. ಮೂರನೆಯ ಜಾತಿಯೊಂದಿದೆ ಎಂದು ಅವನಿಗೆ ಹೇಗೆ ತಿಳಿಸಲಿ? ಫೋನ್ ಹಿಡಿದರೆ ಸಾಕು, ನನ್ನ ಹೆಬ್ಬೆರಳು ನನ್ನನ್ನು ಕೇಳದೆ ಪ್ರೀತಿ ಮಾಡಲು ಹೊರಡುತ್ತದೆ. ಮೊನ್ನೆ ಅಮ್ಮನಿಗೆ ‘ಪೇಟೆಯಿಂದ ಬೆಲ್ಲ ತರಲಾ’ ಎಂದು ಟೈಪ್ ಮಾಡಿದವನು ಕೊನೆಯಲ್ಲೊಂದು ಕೆಂಪು ಹೃದಯ ಒತ್ತಿಬಿಟ್ಟೆ. ಅಮ್ಮ ಎರಡು ದಿನ ನನ್ನನ್ನು ಒಂದು ಥರಾ ನೋಡಿದಳು. ಆದ್ದರಿಂದ ಪೆನ್ನು, ಆದ್ದರಿಂದ ಕಾಗದ.

ಸಮಾಚಾರ ಏನೆಂದರೆ, ನಾನು ಸಾಕ್ಷಿಯಾಗಿದ್ದೇನೆ. ಕೋರ್ಟಿನ ಸಾಕ್ಷಿಯಲ್ಲ, ಲೋಕದ ಸಾಕ್ಷಿ. ಶಿವಮೊಗ್ಗದ ಪ್ರಕಾಶಕರೊಬ್ಬರು ನನ್ನ ಆತ್ಮಕಥನ ಅಚ್ಚು ಹಾಕುತ್ತಿದ್ದಾರೆ. ವಾರಪತ್ರಿಕೆಗೆ ಹಾಸ್ಯದ ಅಂಕಣ ಬರೆದುಕೊಂಡಿದ್ದವನಿಗೆ ಇಂಥ ಬಡ್ತಿ ಸಿಗಬೇಕಾದರೆ ಒಂದೂವರೆ ವರ್ಷ ತಂತಿಬೇಲಿಯೊಳಗೆ ಇರಬೇಕಾಯಿತು, ಅಷ್ಟೇ. ಮೊದಲ ಪುಟ ಕೇಳು:

‘ಕೆಲಸ: ಕನ್ನಡದಲ್ಲಿ ಜಾಹೀರಾತು ಬರೆಯುವುದು. ಸ್ಥಳ: ಬ್ಯಾಂಕಾಕ್. ಊಟ, ವಸತಿ ಉಚಿತ. ಇದರಲ್ಲಿ ಊಟ, ವಸತಿಯ ಮಾತು ನಿಜವಾಗಿತ್ತು. ಬ್ಯಾಂಕಾಕಿನಿಂದ ವ್ಯಾನು, ವ್ಯಾನಿನಿಂದ ದೋಣಿ, ನದಿಯ ಆಚೆ ದಡ ಮ್ಯಾನ್ಮಾರ್. ಬಂದೂಕಿನ ಕಾವಲು, ಕಂಬಿ ಹಾಕಿದ ಕಿಟಕಿಗಳ ನಾಲ್ಕು ಮಹಡಿ. ಪಾಸ್‌ಪೋರ್ಟ್ ಕಿತ್ತುಕೊಂಡು ಮುಂದೆ ಒಂದು ರಾಶಿ ಫೋನ್ ಇಟ್ಟರು. ಅಂದಿನಿಂದ ನಾನು ಶ್ರೇಯಾ, ಇಪ್ಪತ್ತಾರು ವರ್ಷದ ಫ್ಯಾಷನ್ ಡಿಸೈನರ್. ನಮ್ಮೂರ ಕಡೆಯ ಒಂಟಿ ಗಂಡಸರನ್ನು ಪ್ರೀತಿಸಿ, ಅವರ ದುಡ್ಡನ್ನು ಇಲ್ಲದ ಕಂಪನಿಯಲ್ಲಿ ಹೂಡಿಸುವುದು ನನ್ನ ಕಾಯಕ. ಟಾರ್ಗೆಟ್ ಮುಟ್ಟದ ದಿನ ಕರೆಂಟ್ ಕೋಲು. ಹೊರಗೆ ಯಾರಿಗಾದರೂ ಸುದ್ದಿ ಮುಟ್ಟಿಸಲು ನೋಡಿದರೆ ಕತ್ತಲೆ ಕೋಣೆ.’

ಅದೇ ಕಟ್ಟಡದ ಮಹಿಳೆಯರ ಮಹಡಿಯಲ್ಲಿ ನೀನು ಮೀಸೆ ಹೊತ್ತ ಕ್ಯಾಪ್ಟನ್ ವಿಕ್ರಮ್ ಆಗಿ ಎಷ್ಟು ವಿಧವೆಯರ ನಿದ್ದೆ ಕೆಡಿಸಿದೆ ಎಂಬುದನ್ನು ಬರೆದಿಲ್ಲ. ಹೆದರಬೇಡ.

ಏಳನೆಯ ಅಧ್ಯಾಯ ಮಾತ್ರ ಹಾಸ್ಯವಲ್ಲ. ಅದು ನಮ್ಮ ಸುಂದರೇಶನದು. ಬೇಗಾರಿನ ಭೈರಮ್ಮನ ಒಬ್ಬನೇ ಮಗ ಶಿವಮೊಗ್ಗದ ನಿವೃತ್ತ ಟೀಚರೊಬ್ಬರಿಗೆ ‘ದುಡ್ಡು ಕಳಿಸಬೇಡಿ ಅಮ್ಮ, ಇದು ಮೋಸ’ ಎಂದು ಬರೆದು ಸಿಕ್ಕಿಬಿದ್ದದ್ದು, ಹೊಡೆತ, ಜ್ವರ, ನನ್ನ ತೊಡೆಯ ಮೇಲೆ ತಲೆಯಿಟ್ಟು ‘ಈಶಣ್ಣ, ಬರಿ, ಲೋಕಕ್ಕೆ ಗೊತ್ತಾಗ್ಲಿ’ ಎಂದು ಕಣ್ಣು ಮುಚ್ಚಿದ್ದು. ಪ್ರಕಾಶಕರು ಓದಿ ಅತ್ತರು. ಅತ್ತ ಮೇಲೆ ಇನ್ನೂರು ಪ್ರತಿ ಜಾಸ್ತಿ ಹಾಕಿಸುತ್ತೇನೆ ಎಂದರು.

ಸರ್ಕಾರದ ಕಾಗದದಲ್ಲಿ ಅವನಿನ್ನೂ ‘ಕಾಣೆಯಾದವನು’. ಬಿಡುಗಡೆಯಾಗಿ ದಿಲ್ಲಿಯಲ್ಲಿ ವಿಮಾನ ಇಳಿದಾಗ ನಾವು ಮಾಡಿಕೊಂಡ ಒಪ್ಪಂದದ ಪ್ರಕಾರ ಭೈರಮ್ಮನಿಗೆ ಸಾವಿನ ಸುದ್ದಿ ತಿಳಿಸುವ ಕಷ್ಟವನ್ನು ನೀನು ಹೊತ್ತೆ. ಬೇಗಾರು ನಿನಗೆ ಹತ್ತಿರ ಎಂಬ ನೆಪ ನನಗೆ ಸಿಕ್ಕಿತು. ಆ ಋಣಕ್ಕೆ ಪುಸ್ತಕದಲ್ಲಿ ನಿನ್ನನ್ನು ಒಂದಿಷ್ಟು ಹೊಗಳಿದ್ದೇನೆ. ಅಧ್ಯಾಯದ ಪ್ರತಿ ಇದರ ಜೊತೆಗಿದೆ. ಓದಿ ಅಪ್ಪಣೆಯಾಗಲಿ.

ಇತಿ ಲೋಕಸಾಕ್ಷಿ,
ಈಶಾನ (ನಿವೃತ್ತ ಶ್ರೇಯಾ)

*

ಶೃಂಗೇರಿ
27 ಜೂನ್ 2025

ಈಶಣ್ಣನವರಿಗೆ ನಮಸ್ಕಾರ.

ಅಲ್ಲಿ ನಿಮ್ಮನ್ನು ನೀನು ಅನ್ನುತ್ತಿದ್ದೆ. ಅಲ್ಲಿ ಎಲ್ಲರೂ ಒಂದೇ ತಟ್ಟೆಯವರು. ಇಲ್ಲಿ ನಮ್ಮಪ್ಪ ಇವತ್ತಿಗೂ ನಮ್ಮೂರು ಕಡಹಿನಬೈಲಿನಲ್ಲಿ ನಿಮ್ಮಂಥವರ ತೋಟಕ್ಕೇ ಕೂಲಿಗೆ ಹೋಗುತ್ತಾರೆ. ನೀವು ಅಂತಲೇ ಬರೆಯುತ್ತೇನೆ.

ಅಧ್ಯಾಯ ಓದಿದೆ. ಅದನ್ನು ಹಾಕಬೇಡಿ. ಹಾಕಲೇಬೇಕೆಂದರೆ ಸುಂದರೇಶನ ಹೆಸರು ಬೇಡ, ಬೇಗಾರಿನ ಹೆಸರು ಬೇಡ. ಪುಸ್ತಕ ಬರುವುದು ಯಾವಾಗ? ಹಿರಿಯರ ಹಬ್ಬದ ಒಳಗೋ, ಆಮೇಲೋ?

ಭೈರಮ್ಮನ ಮನೆಗೆ ನೀವು ಹೋಗುವುದು ಬೇಡ. ಮಳೆಗೆ ಆ ದಾರಿ ಸರಿಯಿಲ್ಲ.

ಮಲ್ಲಿಕಾ

*

ಕೊಪ್ಪ
4 ಜುಲೈ 2025

ಮಲ್ಲಿ,

ನಿನ್ನ ಕಾಗದವನ್ನು ಬೆಳಕಿಗೆ ಹಿಡಿದು ಓದಿದೆ, ನಿಂಬೆಹಣ್ಣಿನ ರಸದಲ್ಲಿ ಬರೆದದ್ದು ಏನಾದರೂ ಇದೆಯೇ ಎಂದು. ಇರಲಿಲ್ಲ. ಆದರೆ ಅಂಕಣಕಾರನ ಕಣ್ಣಿಗೆ ಮಣ್ಣು ಎರಚಬಹುದೇ? ಹೆಸರು ಬೇಡ, ಊರು ಬೇಡ, ಆ ಮನೆಗೆ ಹೋಗುವುದೂ ಬೇಡ! ಕ್ಯಾಪ್ಟನ್ ವಿಕ್ರಮರು ನಮ್ಮ ಸುಂದರೇಶನ ಮೇಲೆ ಮನಸ್ಸಿಟ್ಟಿದ್ದರು ಎಂದು ಈಗ ತಿಳಿಯಿತು. ಊಟದ ಸಾಲಿನಲ್ಲಿ ಅವನಿಗೆ ನಿನ್ನ ಪಾಲಿನ ಮೊಟ್ಟೆ ಕೊಟ್ಟದ್ದನ್ನು ನಾನು ಕಂಡಿದ್ದೆ. ನನಗೆ ಯಾರೂ ಕೊಡಲಿಲ್ಲ ಎಂಬ ಹೊಟ್ಟೆಕಿಚ್ಚಿನಿಂದ ಪುಸ್ತಕದಲ್ಲಿ ಅದನ್ನು ಬಿಟ್ಟಿದ್ದೇನೆ.

ನಾಚಿಕೆ ಯಾಕೆ ಮಾರಾಯ್ತಿ? ಪ್ರೀತಿಸಿದವನ ಹೆಸರು ಅಚ್ಚಾಗುವುದು ಗೌರವ. ಸೆಪ್ಟೆಂಬರ್ 28ರ ಭಾನುವಾರ ಕೊಪ್ಪದಲ್ಲಿ ಬಿಡುಗಡೆ. ಭೈರಮ್ಮನನ್ನು ವೇದಿಕೆಗೆ ಕರೆಸಿ ಶಾಲು, ಹಣ್ಣಿನ ಬುಟ್ಟಿ ಕೊಡುವುದೆಂದು ತೀರ್ಮಾನವಾಗಿದೆ. ‘ಸತ್ಯಕ್ಕಾಗಿ ಪ್ರಾಣ ಕೊಟ್ಟ ಮಗನ ತಾಯಿ’ ಎಂದು ಆಹ್ವಾನಪತ್ರಿಕೆಯಲ್ಲಿ ಬರುತ್ತದೆ. ಕಾರು ನಾನೇ ಕಳಿಸುತ್ತೇನೆ. ದಾರಿಯ ಚಿಂತೆ ನಿನಗೆ ಬೇಡ.

ನಿನ್ನ ನೀವು-ತಾವುಗಳನ್ನು ಇದರೊಂದಿಗೆ ವಾಪಸು ಕಳಿಸಿದ್ದೇನೆ. ಸ್ವೀಕರಿಸುವುದು.

ಈಶಾನ

*

ಶೃಂಗೇರಿ
12 ಆಗಸ್ಟ್ 2025

ಈಶಣ್ಣ,

ಆಹ್ವಾನಪತ್ರಿಕೆ ಅಚ್ಚಿಗೆ ಹೋಗಿದ್ದರೆ ನಿಲ್ಲಿಸು. ಭೈರಮ್ಮನಿಗೆ ಮಗ ಸತ್ತದ್ದು ಗೊತ್ತಿಲ್ಲ.

ನಾನು ಹೇಳಲಿಲ್ಲ. ಹೇಳಬೇಕೆಂದೇ ಹೋದೆ. ಮಾರ್ಚ್ ತಿಂಗಳು, ಕಾಡಿನಿಂದ ಒಣ ಎಲೆಯ ದರಗು ಒತ್ತಿ ತುಂಬಿದ ಹೆಡಿಗೆ ಹೊತ್ತುಕೊಂಡು ಎದುರಿಗೇ ಬಂದಳು. ನನ್ನನ್ನೂ ಸುಂದರೇಶನನ್ನೂ ಕಳಿಸಿದ್ದು ಒಂದೇ ಏಜೆಂಟ್. ಅವತ್ತು ಬಸ್ ಹತ್ತಿಸಲು ಬಂದಿದ್ದವಳಿಗೆ ನನ್ನ ಗುರುತು ಇತ್ತು. ಹೆಡಿಗೆ ಇಳಿಸಲಿಲ್ಲ. ‘ಮಲ್ಲಿ ಅಲ್ವೇನೆ? ಅಂವ ಎಲ್ಲಿ, ಹಿಂದೆ ಬರ್ತಿದಾನಾ?’ ಎಂದು ನನ್ನ ಬೆನ್ನ ಹಿಂದಿನ ರಸ್ತೆ ನೋಡಿದಳು. ತಲೆಯ ಮೇಲೆ ಅಷ್ಟು ಭಾರ ಇಟ್ಟುಕೊಂಡು ನಿಂತವಳಿಗೆ ಏನು ಹೇಳಬೇಕಿತ್ತು? ‘ಬರ್ತಾನೆ ಭೈರಕ್ಕ, ಅವನನ್ನ ಬೇರೆ ಬಿಲ್ಡಿಂಗಿಗೆ ಹಾಕಿದಾರೆ, ಬಿಡಿಸ್ತಾರೆ’ ಅಂದೆ.

ಮುಂದಿನ ವಾರ ಲಾಡ್ಜಿಗೇ ಬಂದಳು. ‘ಒಂದು ಮಾತಾಡ್ಸು’ ಎಂದು ಕೂತಳು. ಮಾತಾಡಲು ಬಿಡುವುದಿಲ್ಲ, ಮೆಸೇಜ್ ಮಾತ್ರ ಬರುತ್ತದೆ ಅಂದೆ. ‘ಹಂಗಾರೆ ಬಂದದ್ದು ಓದು’ ಅಂದಳು. ಓದಿದೆ. ಇಲ್ಲದ್ದನ್ನು ಓದಿದೆ. ಅವತ್ತಿನಿಂದ ರಜೆ ಇದ್ದ ದಿನವೆಲ್ಲ ಹೋಗಿ ಓದುತ್ತೇನೆ. ಅವಳು ಹೇಳುತ್ತಾಳೆ, ನಾನು ಟೈಪ್ ಮಾಡುತ್ತೇನೆ, ನನ್ನದೇ ಇನ್ನೊಂದು ನಂಬರಿಗೆ ಹೋಗುತ್ತದೆ.

ಕಷ್ಟವೇನೂ ಆಗುವುದಿಲ್ಲ. ನೀನೇ ಬರೆದ ಸ್ಕ್ರಿಪ್ಟ್ ಇದೆಯಲ್ಲ. ಅಲ್ಲಿನ ಚೀನಾದ ಬಾಸ್‌ಗಳ ಸ್ಕ್ರಿಪ್ಟಿನಲ್ಲಿ ‘ನಿಮ್ಮ ದಿನ ಹೇಗಿತ್ತು’ ಎಂದಿದ್ದದ್ದನ್ನು ಹೊಡೆದುಹಾಕಿ, ‘ನಮ್ಮ ಕಡೆಯವರು ಹೀಗೆ ಕೇಳಲ್ಲ’ ಎಂದು ‘ಊಟ ಆಯ್ತಾ’ ಹಾಕಿದವನು ನೀನು. ಆ ತಿಂಗಳು ಕನ್ನಡದ ಟೇಬಲ್ಲಿಗೆ ಬಹುಮಾನ ಬಂತು. ಬಿರಿಯಾನಿ ತಿಂದೆವು. ನಿನ್ನ ಏಳನೆಯ ಅಧ್ಯಾಯದಲ್ಲಿ ಆ ಬಿರಿಯಾನಿ ಕಾಣಲಿಲ್ಲ.

ಮಗನಿಗೆ ಕಳಿಸು ಎಂದು ಮಿಡಿ ಉಪ್ಪಿನಕಾಯಿ ಹಾಕಿ ಕೊಡುತ್ತಾಳೆ. ಬಾಟಲಿಗಳು ನನ್ನ ಮಂಚದ ಕೆಳಗಿವೆ. ತಿನ್ನಲಾರೆ, ಎಸೆಯಲಾರೆ.

ಇನ್ನೊಂದು. ಟೀಚರಮ್ಮನಿಗೆ ದುಡ್ಡು ಕಳಿಸಬೇಡಿ ಎಂದವನು ಸುಂದರೇಶ ಅಲ್ಲ. ಹಾಗೆ ಅಂದವರು ಅಲ್ಲಿ ಯಾರೂ ಇಲ್ಲ. ಅವನು ನಮ್ಮೆಲ್ಲರಿಗಿಂತ ಬೇಗ ಟಾರ್ಗೆಟ್ ಮುಟ್ಟಿಸುತ್ತಿದ್ದ. ಜ್ವರ ಬಂತು, ಮಾತ್ರೆ ಕೊಡಲಿಲ್ಲ, ಸತ್ತ. ಅಷ್ಟಕ್ಕೇ ಒಬ್ಬ ಮನುಷ್ಯ ಸಾಯಬಹುದು ಎಂದು ಬರೆದರೆ ಪುಸ್ತಕ ಆಗುವುದಿಲ್ಲವಾ?

ಪ್ರೀತಿ-ಗೀತಿ ಎಲ್ಲ ಶ್ರೇಯಾಳಿಗೆ ಇರಲಿ. ಮೊಟ್ಟೆ ಕೊಟ್ಟದ್ದು ನನಗೆ ಮೊಟ್ಟೆ ಸೇರುವುದಿಲ್ಲ ಅಂತ.

ಮಲ್ಲಿಕಾ

*

ಕೊಪ್ಪ
25 ಆಗಸ್ಟ್ 2025

ಮಲ್ಲಿ,

ನಿನ್ನ ಕಾಗದ ಬಂದಾಗ ನಾನು ಪುಸ್ತಕದ ಬೆನ್ನುಪುಟಕ್ಕೆ ನನ್ನ ಫೋಟೊ ಆರಿಸುತ್ತಿದ್ದೆ. ನೋವುಂಡ ಮುಖ ಬೇಕು, ಆದರೆ ತೀರಾ ಸೋತ ಮುಖ ಬೇಡ ಎಂದು ಪ್ರಕಾಶಕರ ಆದೇಶ. ಕಾಗದ ಓದಿದ ಮೇಲೆ ಯಾವ ಫೋಟೊವೂ ಸರಿಯಾಗಿ ಕಾಣಲಿಲ್ಲ. ಕೊನೆಗೆ ಮದುವೆಮನೆಯೊಂದರಲ್ಲಿ ಪಾಯಸಕ್ಕೆ ಕಾಯುತ್ತಿದ್ದಾಗ ತೆಗೆದದ್ದನ್ನು ಕಳಿಸಿದೆ. ನೋವು ಚೆನ್ನಾಗಿ ಬಂದಿದೆ.

ನೀನು ಮಾಡುತ್ತಿರುವುದು ಪಾಪ. ಇದನ್ನು ನಗಿಸುವಂತೆ ಹೇಳಲು ಮೂರು ಹಾಳೆ ಹರಿದೆ, ಆಗಲಿಲ್ಲ. ನಮಗೆ ಅಲ್ಲಿ ಕಲಿಸಿದ್ದನ್ನೇ ನೀನು ಆ ಹೆಂಗಸಿಗೆ ಮಾಡುತ್ತಿದ್ದೀಯ. ದುಡ್ಡು ಕೇಳುತ್ತಿಲ್ಲ ಎಂಬುದೊಂದೇ ವ್ಯತ್ಯಾಸ. ಎಷ್ಟು ದಿನ?

ನಿನ್ನ ಇಚ್ಛೆಯಂತೆ ಹೆಸರು ತೆಗೆಸಿದ್ದೇನೆ. ಸುಂದರೇಶ ಈಗ ‘ಒಬ್ಬ ಗೆಳೆಯ’. ಬೇಗಾರು ‘ಮಲೆನಾಡಿನ ಒಂದು ಹಳ್ಳಿ’. ಶಾಲು, ಹಣ್ಣಿನ ಬುಟ್ಟಿ ರದ್ದು. ಟೀಚರಮ್ಮನ ಪ್ರಸಂಗ ಮಾತ್ರ ಹಾಗೇ ಇದೆ. ಅದನ್ನು ತೆಗೆದರೆ ಅಧ್ಯಾಯ ಕುಸಿಯುತ್ತದೆ ಎನ್ನುತ್ತಾರೆ. ಸುಳ್ಳೇನಿದೆ ಮಲ್ಲಿ, ಅಂಥವನೊಬ್ಬ ಅಲ್ಲಿ ಇದ್ದಿರಬೇಕಿತ್ತು.

ಬಿರಿಯಾನಿಯ ಬಗ್ಗೆ: ಸ್ಥಳಾವಕಾಶದ ಕೊರತೆ.

ಈಶಾನ

*

ಶೃಂಗೇರಿ
24 ಸೆಪ್ಟೆಂಬರ್ 2025

ಈಶಣ್ಣ,

ಭೈರಮ್ಮನಿಗೆ ಗೊತ್ತಾಯಿತು. ನಾನು ಹೇಳಿದ್ದಲ್ಲ, ಸಿಕ್ಕಿಬಿದ್ದೆ.

ಹಿರಿಯರ ಹಬ್ಬಕ್ಕೆ ಮುಂಚೆ ಕರೆಸಿದ್ದಳು. ‘ಅಂವ ಈ ವರ್ಷವೂ ಇಲ್ಲ. ಅವನಪ್ಪಂಗೆ ಎಡೆ ಯಾರು ಇಡ್ಬೇಕು ಅಂತ ಕೇಳು’ ಅಂದಳು. ನಾನು ಸಿಗ್ನಲ್ಲಿನ ನೆಪದಲ್ಲಿ ಹೊರಗೆ ಹೋಗಿ, ಉತ್ತರ ಬರೆದುಕೊಂಡು ಬಂದು ಓದಿದೆ: ‘ನೀನೇ ಇಡಮ್ಮ. ಅಪ್ಪ ನಿನ್ನ ಕೈಯಿಂದ ಉಂಡರೆ ಸಂತೋಷಪಡ್ತಾನೆ.’ ಬರೆದಾಗ ನನಗೇ ಕಣ್ಣಲ್ಲಿ ನೀರು ಬಂತು. ಅಷ್ಟು ಚೆನ್ನಾಗಿತ್ತು. ನಮ್ಮ ಕಡಹಿನಬೈಲಿನ ಮನೆಯಲ್ಲಿ ಸತ್ತವರಿಗೆ ಎಲೆ ಹಾಕಿ ಬಡಿಸುವುದು ಅಮ್ಮನೇ. ಎಲ್ಲರ ಮನೆಯಲ್ಲೂ ಹಾಗೇ ಅಂದುಕೊಂಡಿದ್ದೆ.

ಅವಳು ಕಾಫಿ ಕೊಟ್ಟಳು. ಹಬ್ಬ ಮುಗಿದ ಮಾರನೆಯ ದಿನ ಬಸ್ಸಿನಲ್ಲಿ ಶೃಂಗೇರಿಗೆ ಬಂದು, ಲಾಡ್ಜಿನ ಮೆಟ್ಟಿಲ ಮೇಲೆ ಕೂತು, ಯಾತ್ರಿಕರೆಲ್ಲ ರೂಮಿಗೆ ಹೋಗುವ ತನಕ ಕಾದಳು. ಆಮೇಲೆ ಕೇಳಿದಳು:

‘ಮಲ್ಲಿ, ನನ್ನ ಮಗ ಸತ್ತದ್ದು ಯಾವಾಗ?’

ನಾನು ಬಾಯಿ ತೆರೆಯುವುದರೊಳಗೆ ಅವಳೇ ಹೇಳಿದಳು. ‘ನಮ್ಮ ಮನೇಲಿ ಹೆಂಗಸ್ರು ಎಡೆ ಮುಟ್ಟಲ್ಲ ಕಣೆ. ಅವನಪ್ಪ ತೀರ್ಕೊಂಡ ವರ್ಷದಿಂದ ಊರಲ್ಲಿ ಇರೋ ತನಕ ಅಂವನೇ ಇಟ್ಟದ್ದು. ನಾನು ಒಂದ್ಸಲ ಎಲೆ ಸರಿ ಮಾಡಕ್ಕೆ ಹೋದ್ರೆ ಕೈಗೆ ಹೊಡೆದಿದ್ದ, ಅಷ್ಟುದ್ದ ಹುಡುಗ. ಅಂವ ನೀನೇ ಇಡು ಅಂತಾನಾ?’

ಹೇಳಿದೆ. ಹೋದ ವರ್ಷ ಆಗಸ್ಟಿನಲ್ಲಿ, ಜ್ವರ ಬಂದು ಅಂದೆ. ನಿನ್ನ ಪುಸ್ತಕದ ವಿಷಯವನ್ನೂ ಹೇಳಿದೆ.

‘ಹಬ್ಬದ ದಿನವೇ ಓಡಿಬಂದು ಕೇಳ್ಬೇಕಿತ್ತು. ಕೇಳಿದ್ರೆ ನೀನು ಹೌದು ಅಂತಿದ್ದೆ. ಆಮೇಲೆ ಅವನಪ್ಪನ ಪಕ್ಕ ಅಂವಂಗೂ ಎಲೆ ಹಾಕ್ಬೇಕಾಗ್ತಿತ್ತು. ನಂಗೆ ಧೈರ್ಯ ಬರ್ಲಿಲ್ಲ’ ಅಂದಳು. ಮತ್ತೆ, ‘ಎರಡು ಹಬ್ಬ ಆತು. ಎಲ್ಲ ಮನೆ ಸತ್ತವ್ರು ಬಂದು ಉಂಡು ಹೋಗ್ತಾರೆ. ನನ್ನ ಮಗ ಬಾಗ್ಲಲ್ಲಿ ಹಸ್ಕೊಂಡು ನಿಂತಿದಾನೆ. ನಾನು ಒಳಗೆ ಕೂತು ನಿನ್ನ ಹತ್ರ ಅವನ ಮೆಸೇಜು ಓದಿಸ್ಕೊಂಡು ನಗ್ತಿದ್ದೆ’ ಅಂದಳು.

ಬೈಯಲಿಲ್ಲ ಈಶಣ್ಣ. ಬೈದಿದ್ದರೆ ಒಳ್ಳೆಯದಿತ್ತು.

ಇನ್ನೊಂದು ವರ್ಷ ಕಾಯಲಾರೆ, ದೀಪಾವಳಿ ಅಮಾವಾಸ್ಯೆಗೇ ಅವನಿಗೆ ಎಲೆ ಹಾಕುತ್ತೇನೆ ಅನ್ನುತ್ತಾಳೆ. ಅದಕ್ಕೆ ನಿನ್ನಿಂದ ಎರಡು ಆಗಬೇಕು. ಮಗನಿಲ್ಲದವನಿಗೆ ಅವನ ಜೊತೆ ಉಂಡ ಗಂಡಸು ಎಡೆ ಇಡಬಹುದಂತೆ. ಅದು ನೀನೊಬ್ಬನೇ. ಇನ್ನೊಂದು, ಮೊದಲನೆಯ ಎಡೆಗೆ ಸಾಯುವಾಗ ಅವರು ಬಾಯಿಬಿಟ್ಟು ಕೇಳಿದ್ದನ್ನೇ ಇಡಬೇಕಂತೆ. ‘ನನ್ನ ಮಗ ಕಡೇಗೆ ಎಂತ ಕೇಳ್ದ ಅಂತ ಆ ಪುಸ್ತಕದವ್ರಿಗೆ ಗೊತ್ತಿರ್ತದೆ, ಕೇಳು’ ಅಂದಳು. ನಾನು ಬೇರೆ ಮಹಡಿಯಲ್ಲಿದ್ದೆ. ಪಕ್ಕದ ಮಂಚ ನಿನ್ನದು. ಲೋಕಕ್ಕೆ ಗೊತ್ತಾಗಲಿ ಅಂದ ಎಂದು ಅವಳಿಗೆ ಹೇಳಬೇಡ. ಅದನ್ನು ಎಲೆಗೆ ಬಡಿಸಲು ಬರುವುದಿಲ್ಲ.

ಪುಸ್ತಕದಲ್ಲಿ ಅವನ ಹೆಸರು ಹಾಕಲಿ ಎಂದೂ ಹೇಳಿದ್ದಾಳೆ. ಇನ್ನು ಮುಚ್ಚಿಡುವುದು ಯಾರಿಂದ?

ಮಲ್ಲಿಕಾ

*

ಕೊಪ್ಪ
1 ಅಕ್ಟೋಬರ್ 2025

ಮಲ್ಲಿ,

ನಿನ್ನ ಕಾಗದ ಬಂದದ್ದು ಬಿಡುಗಡೆಯ ಹಿಂದಿನ ದಿನ. ಪುಸ್ತಕ ಅಚ್ಚಾಗಿ ಕಟ್ಟು ಕಟ್ಟಿಯಾಗಿತ್ತು. ಹೆಸರು ತೆಗೆಯಿರಿ ಎಂದಾಗ ತೆಗೆದೆವು, ಹಾಕಿರಿ ಎಂದಾಗ ಪ್ರೆಸ್ಸಿನವರು ಕೈಮುಗಿದರು. ಎರಡನೆಯ ಮುದ್ರಣದಲ್ಲಿ ಖಂಡಿತ. ಎರಡನೆಯ ಮುದ್ರಣ ಕಂಡ ಕನ್ನಡ ಪುಸ್ತಕಗಳು ಎಷ್ಟೆಂದು ನಾನು ಬಲ್ಲೆ, ಆದರೂ ಖಂಡಿತ.

ಸಭೆ ಚೆನ್ನಾಯಿತು. ಅಧ್ಯಕ್ಷರು ಮುಕ್ಕಾಲು ಗಂಟೆ ತಮ್ಮ ಥಾಯ್ಲೆಂಡ್ ಪ್ರವಾಸದ ಬಗ್ಗೆ ಮಾತಾಡಿದರು. ಅಲ್ಲಿ ಎಳನೀರು ಬಲು ಸಿಹಿಯಂತೆ. ನಾನು ಏಳನೆಯ ಅಧ್ಯಾಯ ಓದಿದೆ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಒಬ್ಬ ಅಜ್ಜ ವೇದಿಕೆಯ ಹತ್ತಿರ ಬಂದು ‘ಆ ಮಾಣಿಯ ಹೆಸರೆಂತ?’ ಎಂದು ಕೇಳಿದರು. ಪುಸ್ತಕಕ್ಕೆ ಸಹಿ ಹಾಕಿಕೊಟ್ಟೆ.

ಬರುತ್ತೇನೆ. ಅಮಾವಾಸ್ಯೆ 21ರ ಮಂಗಳವಾರ, ನೋಡಿದ್ದೇನೆ. ಮಧ್ಯಾಹ್ನದೊಳಗೆ ಬೇಗಾರಿನಲ್ಲಿರುತ್ತೇನೆ. ಎಡೆ ನಾನೇ ಇಡುತ್ತೇನೆ. ಅವನು ಕೊನೆಗೆ ಕೇಳಿದ್ದೇನು ಎಂಬುದನ್ನು ಕಾಗದದಲ್ಲಿ ಬೇಡ, ಆ ತಾಯಿಯ ಎದುರು ನನ್ನ ಬಾಯಿಂದಲೇ ಹೇಳುತ್ತೇನೆ. ಅಡುಗೆ ಮಾತ್ರ ನಾನು ಬರುವವರೆಗೆ ಶುರುಮಾಡುವುದು ಬೇಡ ಎನ್ನು.

ಈಶಾನ

*

ಶೃಂಗೇರಿ
23 ಅಕ್ಟೋಬರ್ 2025

ಈಶಣ್ಣ,

ನೀನು ಬರಲಿಲ್ಲ.

ಒಲೆ ಹಚ್ಚಿ, ನೀರು ಕಾಯಿಸಿ ಇಟ್ಟುಕೊಂಡು ಕೂತಿದ್ದಳು. ಏನು ಬೇಯಿಸಬೇಕೆಂದು ಗೊತ್ತಿಲ್ಲದೆ ಎಲ್ಲವನ್ನೂ ತಂದಿಟ್ಟಿದ್ದಳು: ಅಕ್ಕಿ, ಒಣಮೀನು, ಕೋಳಿ, ಕೆಸುವಿನ ಸೊಪ್ಪು. ಬಸ್ಸಿನ ಸದ್ದಾದಾಗಲೆಲ್ಲ ಅಂಗಳಕ್ಕೆ ಹೋಗಿ ಬರುತ್ತಿದ್ದಳು. ‘ಪುಸ್ತಕದವ್ರಿಗೆ ಕೆಲಸ ಇರ್ತದೆ, ಪಾಪ’ ಎಂದು ನನಗೇ ಸಮಾಧಾನ ಹೇಳಿದಳು. ಹೊತ್ತು ಇಳಿಯಿತು. ಅಮಾವಾಸ್ಯೆ ಮುಗಿದರೆ ಮತ್ತೆ ಆಗುವುದಿಲ್ಲ. ‘ಎಂತ ಕೇಳ್ದ ಅಂತ ನಿಂಗೆ ಒಂಚೂರೂ ಗೊತ್ತಿಲ್ವನೆ?’ ಅಂದಳು.

‘ಗಂಜಿ’ ಅಂದೆ. ‘ಗಂಜಿ, ಸುಟ್ಟ ಒಣಮೀನು ಕೇಳ್ದ ಅಂತ ಈಶಣ್ಣ ಹೇಳಿದ್ದ.’ ಜ್ವರ ಬಂದವರು ಇನ್ನೇನು ಕೇಳುತ್ತಾರೆ? ಇನ್ನು ಅವಳಿಗೆ ಸುಳ್ಳು ಹೇಳುವುದಿಲ್ಲ ಎಂದು ಆಣೆ ಮಾಡಿದವಳ ಬಾಯಿಂದಲೇ ಅದೂ ಬಂತು.

ಎಡೆ ಇಡಲು ಪಕ್ಕದ ಮನೆಯವರನ್ನು ಕರೆಯಲಾ ಅಂದೆ. ಬೇಡ ಅಂದಳು. ಸ್ನಾನ ಮಾಡಿ ಬಂದು, ಎಲೆ ಹಾಕಿ, ತಾನೇ ಬಡಿಸಿದಳು. ಬಡಿಸುತ್ತ ನನ್ನ ಕಡೆ ತಿರುಗದೆ ‘ಮಗನೇ ಹೇಳಿದಾನಲ್ಲ, ನೀನೇ ಇಡಮ್ಮ ಅಂತ’ ಅಂದಳು.

ನಿನ್ನ ಊಟಕ್ಕೂ ಒಂದು ಎಲೆ ತೊಳೆದಿಟ್ಟಿದ್ದಳು. ಅದನ್ನು ದನಕ್ಕೆ ಹಾಕಿದೆ.

ಶಿವಮೊಗ್ಗದಲ್ಲಿ ಅವತ್ತು ನಿನ್ನ ಪುಸ್ತಕದ ಮೇಲೆ ಸಂವಾದ ಇತ್ತೆಂದು ಲಾಡ್ಜಿಗೆ ಬಂದ ಪೇಪರಿನಲ್ಲಿ ನೋಡಿದೆ. ಫೋಟೊ ಚೆನ್ನಾಗಿ ಬಂದಿದೆ. ಕೈಯಲ್ಲಿ ಮೈಕ್ ಇದೆ. ‘ಸಾಕ್ಷಿ ಹೇಳುವುದು ಬದುಕಿ ಉಳಿದವನ ಧರ್ಮ’ ಅಂದೆಯಂತೆ.

ಇಷ್ಟು ಜನಕ್ಕೆ ಹೇಳಿದವನು ಒಬ್ಬಳ ಎದುರು ಯಾಕೆ ಬರಲಿಲ್ಲ? ಅವನು ನಿಜವಾಗಿ ಏನು ಕೇಳಿದ? ತಮಾಷೆ ಬೇಡ. ಒಂದು ಸಾಲು ಸಾಕು.

ಮಲ್ಲಿಕಾ

*

ಕೊಪ್ಪ
8 ನವೆಂಬರ್ 2025

ಮಲ್ಲಿಕಾ,

ಅವನು ತಿನ್ನಲು ಏನೂ ಕೇಳಲಿಲ್ಲ.

‘ಅಮ್ಮಂಗೆ ಒಂದು ಮೆಸೇಜ್ ಹಾಕು ಮಾರಾಯ, ಚೆನ್ನಾಗಿದೀನಿ ಅನ್ನು’ ಅಂದ. ಮತ್ತೆ ಮತ್ತೆ ಅದನ್ನೇ ಅಂದ. ನಂಬರ್ ಹೇಳಿದ. ನನ್ನ ಮುಂದೆ ಅಷ್ಟೊಂದು ಫೋನ್ ಇದ್ದವು. ಹೊರಗಿನ ನಂಬರಿಗೆ ಹಾಕಿದರೆ ಏನಾಗುತ್ತದೆಂದು ನಿನಗೆ ಗೊತ್ತು. ‘ಹಾಕಿದೆ, ಮಲಗು’ ಅಂದೆ. ‘ಅಮ್ಮ ಎಂತ ಅಂದ್ಲು?’ ಎಂದು ಕೇಳಿದ.

ನಾನು ಹಾಕಿರಲಿಲ್ಲ. ಹಾಕಿದವಳು ನೀನು.

ಈಶಾನ